ಟಿ.ವಿ. ಬರುವ ತನಕ ಕಾಫಿ ಇಲ್ಲ

ಕೃಷ್ಣರಾಜನಗರದ ಚೆಲುವರಾಜುವಿಗೆ ಒಂದು ಹಟವಿತ್ತು. ರಿಪೇರಿಗೆ ಹೋದ ಮನೆಯಲ್ಲಿ ಟಿ.ವಿ. ಬರುವ ತನಕ ಅವನು ಒಂದು ಲೋಟ ನೀರನ್ನೂ ಮುಟ್ಟುತ್ತಿರಲಿಲ್ಲ. ಮನೆಯವರು ಕಾಫಿ ತಂದು ಸ್ಟೂಲಿನ ಮೇಲಿಟ್ಟರೆ ಅದು ಅಲ್ಲೇ ಕೆನೆಗಟ್ಟಿ ತಣ್ಣಗಾಗುತ್ತಿತ್ತು. "ಕುಡೀರಿ ಚೆಲುವಣ್ಣ, ಆರೋಯ್ತದೆ" ಎಂದರೆ "ಮೊದ್ಲು ಅದು ಬರ್ಲಿ ತಡೀರಿ" ಎನ್ನುತ್ತಿದ್ದ. ಟಿ.ವಿ. ಬಂದ ಮೇಲೆ ಅದೇ ಕಾಫಿಯನ್ನು ಮತ್ತೆ ಬಿಸಿ ಮಾಡಿ ಕೊಡಬೇಕು, ಇವನು ಕಾಲು ಚಾಚಿ ಕುಳಿತು ಸೊರ್ರೆಂದು ಹೀರಬೇಕು. ಸಂಜೆ ಮನೆಗೆ ಬಂದಾಗ ಹೆಂಡತಿ ಸುಕನ್ಯ "ಕೆಲಸ ಆಯ್ತಾ?" ಎಂದು ಕೇಳುತ್ತಿರಲಿಲ್ಲ. "ಕಾಫಿ ಕುಡುದ್ರಾ?" ಎಂದು ಕೇಳುತ್ತಿದ್ದಳು. ಎರಡೂ ಒಂದೇ.

ಹುಣಸೂರು ರಸ್ತೆಯಲ್ಲಿ ಅಂಗಡಿ ತೆರೆದಾಗ ಅವನಿಗೆ ಇಪ್ಪತ್ತನಾಲ್ಕು. ಮದುವೆಯಾದ ಹೊಸತು, ಬೋರ್ಡಿಗೆ ಹೆಂಡತಿಯ ಹೆಸರನ್ನೇ ಬರೆಸಿದ: 'ಸುಕನ್ಯ ಎಲೆಕ್ಟ್ರಾನಿಕ್ಸ್. ಟಿ.ವಿ., ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡಲಾಗುವುದು.' ಆಗ ಹಳ್ಳಿಹಳ್ಳಿಯ ಹೆಂಚಿನ ಮೇಲೂ ಆಂಟೆನಾ. ಗಾಳಿ ಬೀಸಿದರೆ ಅದು ತಿರುಗೋದು, ಅದು ತಿರುಗಿದರೆ ಟಿ.ವಿ. ತುಂಬಾ ಬರೀ ಚುಕ್ಕಿ. ಚೆಲುವರಾಜು ಏಣಿ ಹತ್ತಿ, ಪೈಪು ಹಿಡಿದು ಕೂದಲೆಳೆಯಷ್ಟು ತಿರುಗಿಸಿ ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ: "ಬಂತಾ?" ಒಳಗಿನಿಂದ ಮನೆಯ ಹುಡುಗರು, "ಇಲ್ಲಾ!" ಇನ್ನೊಂದು ಚೂರು. "ಬಂತಾ?" "ಬಂತು, ಬಂತು... ಅಯ್ಯೋ, ಹೋಯ್ತು!" ಹೀಗೆ ಅರ್ಧ ಗಂಟೆ ನಡೆದರೂ ಯಾರಿಗೂ ಬೇಜಾರಿಲ್ಲ. ಮಿರ್ಲೆ ಕಡೆ ಅವನು ಬೀದಿಯಲ್ಲಿ ಕಂಡರೆ ಹುಡುಗರು ನಮಸ್ಕಾರ ಅನ್ನುತ್ತಿರಲಿಲ್ಲ, "ಬಂತಾ?" ಅನ್ನುತ್ತಿದ್ದರು. ಇವನೂ ನಗುತ್ತಾ "ಬಂತು" ಎಂದು ಸೈಕಲ್ ತುಳಿಯುತ್ತಿದ್ದ.

ಅವನ ವಿದ್ಯೆಯೆಲ್ಲ ಒಂದೇ ಮಾತಿನದು. ತಂತಿ ಹಿಡಿದುಕೊಂಡು ಹೋಗಬೇಕು. ಗೋಡೆಯಿಂದ ಹೊರಟ ತಂತಿಯನ್ನು ಬೆರಳಲ್ಲಿ ಸವರುತ್ತಾ ಸೆಟ್ಟಿನ ತನಕ ಹೋದರೆ ರೋಗ ಎಲ್ಲೋ ಒಂದು ಕಡೆ ಕೈಗೆ ಸಿಗುತ್ತದೆ. ದಪ್ಪ ಟಿ.ವಿ. ಹೋಗಿ ತೆಳ್ಳನೆಯದು ಬಂದಾಗಲೂ, ಆಂಟೆನಾ ಹೋಗಿ ಡಿಶ್ ಬಂದಾಗಲೂ ತಂತಿ ಇತ್ತಲ್ಲ, ಹಾಗಾಗಿ ಅವನೂ ಇದ್ದ.

ಈಗ ನೋಡಿದರೆ ತಂತಿಯೇ ಇಲ್ಲ. ಕಂಪ್ಯೂಟರಿನಲ್ಲಿರುವುದು ಟಿ.ವಿ.ಗೆ ಗಾಳಿಯಲ್ಲಿ ಹೋಗುತ್ತದಂತೆ. ಹೋಗಲಿ ಮಾರಾಯ, ಬೇಡ ಅಂದವರು ಯಾರು? ಆದರೆ ಹೋಗದೆ ಇದ್ದಾಗ ಎಲ್ಲಿ ಹಿಡಿದು ನೋಡುವುದು? ಮೊಬೈಲಿನಲ್ಲಿ ಯಾರೋ ಹೇಳಿಕೊಟ್ಟದ್ದನ್ನು ನಾಲ್ಕು ಸಲ ನೋಡಿ ಚೆಲುವರಾಜು ಒಂದು ರಟ್ಟಿನ ಮೇಲೆ ಬರೆದುಕೊಂಡಿದ್ದ. ಎರಡನ್ನೂ ಒಂದೇ ವೈಫೈಗೆ ಸೇರಿಸು. ಎರಡನ್ನೂ ಆರಿಸಿ ಮತ್ತೆ ಹಾಕು. ಕಂಪ್ಯೂಟರಿಗೆ ಅಪ್‌ಡೇಟ್ ಕೊಡು. ಟಿ.ವಿ.ಯ ಹೆಸರು ಬಂದರೆ ಒತ್ತು. ಆರಿಸಿ ಹಾಕಿದರೆ ಹತ್ತರಲ್ಲಿ ಆರು ಸರಿಹೋಗುತ್ತಿದ್ದವು. ಯಾಕೆ ಸರಿಹೋದವು ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ. ಗೊತ್ತಿಲ್ಲದೆ ಸರಿಯಾದ ಟಿ.ವಿ. ಮುಂದೆ ಕೂತು ಕುಡಿದ ಕಾಫಿ ಅವನಿಗೆ ಅಷ್ಟು ರುಚಿಸುತ್ತಲೂ ಇರಲಿಲ್ಲ.

ಉಳಿದ ನಾಲ್ಕು ಅವನ ಮರ್ಯಾದೆ ತೆಗೆದವು. ಬೆಟ್ಟದಪುರದಲ್ಲಿ ಹೊಗೆಸೊಪ್ಪಿನ ರೈತರೊಬ್ಬರ ಮನೆಯಲ್ಲಿ ಮೂರು ಗಂಟೆ ಒದ್ದಾಡಿ, ಕೊನೆಗೆ ಬ್ಯಾಗು ಎತ್ತಿಕೊಂಡು ಎದ್ದ. ಸ್ಟೂಲಿನ ಮೇಲಿನ ಕಾಫಿ ಹಾಗೆಯೇ ಉಳಿಯಿತು. ಮೂವತ್ತೊಂದು ವರ್ಷದಲ್ಲಿ ಅದೇ ಮೊದಲು. ಹತ್ತು ದಿನಕ್ಕೆ ಪಿರಿಯಾಪಟ್ಟಣದ ಟ್ಯೂಷನ್ ಕ್ಲಾಸಿನಲ್ಲಿ ಅದೇ ಕತೆ. ಅಲ್ಲಿಯ ಮೇಷ್ಟ್ರು "ಪರ್ವಾಗಿಲ್ಲ ಬಿಡಿ, ವಯಸ್ಸಾಯ್ತು" ಎಂದುಬಿಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಈ ಸಮಾಧಾನವನ್ನು ಮಾತ್ರ ತಡೆಯಲಾಗಲಿಲ್ಲ.

ಸುಕನ್ಯಳ ತಮ್ಮ ಹುಣಸೂರಿನಲ್ಲಿ ಗೊಬ್ಬರದಂಗಡಿ ಇಟ್ಟಿದ್ದ. "ಭಾವ ಬಂದು ಕೂತ್ಕಳ್ಳಿ ಸಾಕು, ಒಬ್ರು ನಂಬಿಕಸ್ತರು ಬೇಕು" ಎಂದು ವರ್ಷದಿಂದ ಹೇಳುತ್ತಿದ್ದ. ಪಿರಿಯಾಪಟ್ಟಣದಿಂದ ಬಂದ ಸಂಜೆ ಚೆಲುವರಾಜು ಊಟದ ತಟ್ಟೆಯ ಮುಂದೆ ಹೇಳಿದ: "ಇನ್ನೊಂದ್ ಕಿತ ಇಂಗಾದ್ರೆ ಬೋರ್ಡ್ ಇಳಿಸ್ಬುಡ್ತೀನಿ ಕಣೆ. ನನಗೆ ತಿಳೀದೇ ಇರೋ ಕೆಲಸಕ್ಕೆ ನಿನ್ನೆಸ್ರು ಯಾಕೆ ನೇತಾಕ್ಬೇಕು?" ಸುಕನ್ಯ ಅವನ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದಳು. ಮಾರನೆಯ ದಿನ ಬೋರ್ಡಿನ ನಟ್ಟು ಬಿಚ್ಚುವ ದೊಡ್ಡ ಸ್ಪ್ಯಾನರು ಅಂಗಡಿಯ ಮೇಜಿನ ಮೇಲೆ ಬಂದು ಕೂತಿತ್ತು. ಚೆಲುವರಾಜುವೇ ಇಟ್ಟದ್ದು, ತನ್ನ ಮಾತು ತನಗೇ ನೆನಪಿರಲಿ ಎಂದು. ಅವನ ಹಟ ಅಂಥದ್ದು.

ಆ ವಾರವೇ ಮಿರ್ಲೆಯಿಂದ ಫೋನು ಬಂತು.

ಫೋನು ಮಾಡಿದ್ದು ಲಿಂಗಯ್ಯನವರ ಮನೆಯ ಹುಡುಗಿ ಅನುಶ್ರೀ, ಕಾಲೇಜಿನಲ್ಲಿ ಓದುವವಳು. ಲಿಂಗಯ್ಯನವರ ಮನೆ ಎಂದರೆ ಚೆಲುವರಾಜುವಿಗೆ ಹೊಸತಲ್ಲ. ಅವನು ಜೀವನದಲ್ಲಿ ಕಟ್ಟಿದ ನಾಲ್ಕನೆಯದೋ ಐದನೆಯದೋ ಆಂಟೆನಾ ಅವರದು. ಆವತ್ತು ಹೆಂಚಿನ ಮೇಲೆ ಇವನ ಜೊತೆ ಪೈಪು ಹಿಡಿದವನು ಕಿರಿಯ ಮಗ ಗುರುಸ್ವಾಮಿ, ಒಳಗೆ ಟಿ.ವಿ. ಮುಂದೆ ಕೂತು "ಬಂತು" "ಇಲ್ಲ" ಎಂದು ಕೂಗಿದವನು ಹಿರಿಯವನು ದೇವಯ್ಯ. ಆಮೇಲೆ ಎಷ್ಟೋ ವರ್ಷ, ಗಾಳಿ ಬೀಸಿದಾಗಲೆಲ್ಲ, ಅಣ್ಣತಮ್ಮ ಇಬ್ಬರೇ ಆ ಕೆಲಸ ಮಾಡಿಕೊಳ್ಳುತ್ತಿದ್ದರು. ಚಿಕ್ಕವನು ಮೇಲೆ, ದೊಡ್ಡವನು ಒಳಗೆ.

ಲಿಂಗಯ್ಯ ತೀರಿಕೊಂಡು ಎಂಟು ವರ್ಷ. ನಾಲ್ಕು ವರ್ಷದ ಕೆಳಗೆ ಮನೆ ಪಾಲಾಯಿತು. ಪಾಲು ಅಂದರೆ ನಿಮಗೆ ಗೊತ್ತಲ್ಲ, ನಮ್ಮ ಕಡೆ ಅದೊಂದು ದೊಡ್ಡ ತಕ್ಕಡಿ ಕೆಲಸ. ಒಬ್ಬನಿಗೆ ಒಂದು ಚಮಚ ಹೆಚ್ಚು ಹೋದರೆ ಮೊಮ್ಮಕ್ಕಳ ಕಾಲದ ತನಕ ಮಾತು. ಹಾಗಾಗಿ ಪಂಚಾಯ್ತಿಗೆ ಕೂತ ಹಿರಿಯರು ಎಲ್ಲವನ್ನೂ ಜೋಡಿ ಮಾಡಿಸಿದರು. ತೊಟ್ಟಿಮನೆಯ ನಟ್ಟನಡುವೆ ಗೋಡೆ ಎದ್ದಿತು, ಬಯಲ ತೊಟ್ಟಿಯೂ ಅರ್ಧರ್ಧ. ಹಳೆಯ ಟಿ.ವಿ. ಒಂದೇ ಇತ್ತು, ಅದನ್ನು ಮಾರಿ ಒಂದೇ ಕಂಪನಿಯ, ಒಂದೇ ಅಳತೆಯ ಎರಡು ತಂದರು. ಎರಡನ್ನೂ ಒಂದೇ ದಿನ ಕೂರಿಸಿ ಕೊಟ್ಟವನು ಇದೇ ಚೆಲುವರಾಜು. ಗೋಡೆಯಿಂದ ಎಷ್ಟು ಗೇಣು ದೂರ ಎಂದು ಅಳೆದು ಅಳೆದು ಕೂರಿಸಿದ್ದ.

ಜೋಡಿ ಮಾಡಲಾಗದ್ದು ಎರಡೇ ಉಳಿದವು. ಒಂದು ತಾಯಿ ಸಣ್ಣತಾಯಮ್ಮ. ಇನ್ನೊಂದು ಗುರುಸ್ವಾಮಿಯ ಮದುವೆಯ ವಿಡಿಯೋ ಕ್ಯಾಸೆಟ್. ಲಿಂಗಯ್ಯ ನಡೆದಾಡುವುದು, ಮಾತಾಡುವುದು ಇದ್ದದ್ದು ಆ ಕ್ಯಾಸೆಟ್ ಒಂದರಲ್ಲೇ. ತಾಯಿ ಕಿರಿಯವನ ಪಾಲಿನ ಕೋಣೆಯಲ್ಲೇ ಮಲಗಿ ರೂಢಿ, ಅಲ್ಲೇ ಇರುತ್ತೇನೆಂದಳು. ಕ್ಯಾಸೆಟ್ ಅವಳ ಟ್ರಂಕಿನಲ್ಲಿತ್ತು, ಟ್ರಂಕಿನ ಜೊತೆ ಅದೂ ಅಲ್ಲೇ ಉಳಿಯಿತು. ದೇವಯ್ಯ ಆವತ್ತು ತಮ್ಮನ ಮುಖ ನೋಡಿ, "ಅವ್ವನೂ ನಿನಗೆ, ಅಪ್ಪನೂ ನಿನಗೇನ್ಲಾ?" ಎಂದವನು ಮತ್ತೆ ಮಾತಾಡಲಿಲ್ಲ. ತಮ್ಮನೂ ಮಾತಾಡಿಸಲಿಲ್ಲ. ದೊಡ್ಡ ಮಗ ಕರೆಯಲಿಲ್ಲವೆಂದು ಸಣ್ಣತಾಯಮ್ಮ ಆ ಹೊಸ್ತಿಲು ತುಳಿಯಲಿಲ್ಲ.

ಭಾನುವಾರ ಮಧ್ಯಾಹ್ನ ಚೆಲುವರಾಜು ಸ್ಕೂಟರ್ ನಿಲ್ಲಿಸಿ ಒಳಗೆ ಬಂದಾಗ ಗುರುಸ್ವಾಮಿ, ಅವನ ಹೆಂಡತಿ ನೀಲಾಂಬಿಕೆ, ಮಗಳು ಅನುಶ್ರೀ ಮೂವರೂ ಟಿ.ವಿ. ಸುತ್ತ ನಿಂತಿದ್ದರು. ಸಣ್ಣತಾಯಮ್ಮ ಚಾಪೆಯ ಮೇಲೆ ಎಲ್ಲರಿಗಿಂತ ಮುಂದೆ ಕೂತಿದ್ದಳು, ತಲೆ ಬಾಚಿ ಹೂ ಮುಡಿದು.

"ವಾರದಿಂದ ದಿನಾ ಇಂಗೇ ಮುಡ್ಕಂಡು ಕೂತ್ಕತಾಳೆ ಚೆಲುವಣ್ಣ," ಎಂದ ಗುರುಸ್ವಾಮಿ. "ದಿನಾ ಬಾಡೋಯ್ತದೆ."

ವಿಷಯ ಇಷ್ಟು. ಅನುಶ್ರೀ ಆ ಕ್ಯಾಸೆಟ್ಟನ್ನು ಸ್ಟುಡಿಯೋದಲ್ಲಿ ಕೊಟ್ಟು ತನ್ನ ಲ್ಯಾಪ್‌ಟಾಪಿಗೆ ಹಾಕಿಸಿಕೊಂಡು ಬಂದಿದ್ದಳು. ಅಜ್ಜಿಯ ಒಂದು ಕಣ್ಣಿಗೆ ಪೊರೆ ತೆಗೆದಿದೆ, ಇನ್ನೊಂದು ಮಬ್ಬು. ಲ್ಯಾಪ್‌ಟಾಪಿನಷ್ಟು ಚಿಕ್ಕದರಲ್ಲಿ ಮುಖದ ಗುರುತು ಹತ್ತುವುದಿಲ್ಲ. ದೊಡ್ಡ ಟಿ.ವಿ.ಯಲ್ಲೇ ತೋರಿಸಬೇಕು, ಮೊದಲು ಅಜ್ಜಿ ನೋಡಬೇಕು, ಅಲ್ಲಿಯ ತನಕ ಯಾರೂ ಪೂರ್ತಿ ನೋಡಕೂಡದು ಎಂದು ಗುರುಸ್ವಾಮಿಯ ಕಟ್ಟಪ್ಪಣೆ. ಪೆನ್‌ಡ್ರೈವಿಗೆ ಹಾಕಿ ಟಿ.ವಿ.ಗೆ ಚುಚ್ಚಿದರೆ 'ಈ ಫೈಲು ನಡೆಯುವುದಿಲ್ಲ' ಎಂದು ಬರುತ್ತದೆ.

"ತಂತಿ ಹಾಕಿ ಕೊಡ್ತೀನಿ ಬುಡವ್ವ," ಎಂದು ಚೆಲುವರಾಜು ಆಸೆಯಿಂದ ಬ್ಯಾಗಿಗೆ ಕೈ ಹಾಕಿದ.

"ಈ ಲ್ಯಾಪ್‌ಟಾಪಲ್ಲಿ ಆ ತೂತೇ ಇಲ್ಲ ಅಂಕಲ್. ತೆಳ್ಳನೇದು ನೋಡಿ," ಎಂದಳು ಅನುಶ್ರೀ.

ನೋಡಿದ. ಎಲೆಯಷ್ಟು ತೆಳ್ಳಗೆ. ಇಷ್ಟು ತೆಳ್ಳಗೆ ಮಾಡಿ ಯಾರ ಉದ್ಧಾರ ಮಾಡಬೇಕಿತ್ತೋ ಎಂದು ಅದನ್ನು ಮಾಡಿದವನನ್ನು ಮನಸ್ಸಿನಲ್ಲೇ ಶಪಿಸಿ, ರಟ್ಟು ತೆಗೆದ. ನೀಲಾಂಬಿಕೆ ಕಾಫಿ ತಂದು ಸ್ಟೂಲಿನ ಮೇಲಿಟ್ಟಳು.

ಮೊದಲ ಮಾತು, ಒಂದೇ ವೈಫೈ. ಎರಡೂ ಒಂದೇ. ಎರಡನೆಯದು, ಆರಿಸಿ ಹಾಕು. ಹಾಕಿದ. ಮೂರನೆಯದು, ಅಪ್‌ಡೇಟ್. "ನಿನ್ನೇನೇ ಮಾಡಿದೀನಿ" ಎಂದಳು ಹುಡುಗಿ. ನಾಲ್ಕನೆಯದು, ಹೆಸರು ಒತ್ತು. ಅನುಶ್ರೀ ಹುಡುಕು ಎಂದು ಒತ್ತಿದಳು. ಲ್ಯಾಪ್‌ಟಾಪಿನಲ್ಲಿ ಒಂದೇ ಒಂದು ಹೆಸರು ಬಂತು: ಲಿಂಗಯ್ಯ.

"ತಾತನ ಹೆಸರು ಬರ್ತದಲ್ಲ ಅಂಕಲ್!"

"ನಾನೇ ಆಕಿದ್ದು ಕಣವ್ವ," ಎಂದ ಚೆಲುವರಾಜು ಹೆಮ್ಮೆಯಿಂದ. ಹೊಸ ಟಿ.ವಿ. ಕೂರಿಸಿದಾಗ ಅದಕ್ಕೊಂದು ಹೆಸರು ಕೇಳುತ್ತದೆ, ಉಳಿದ ಮೆಕ್ಯಾನಿಕ್ಕುಗಳು ಹಾಗೇ ಬಿಡುತ್ತಾರೆ. ಚೆಲುವರಾಜು ಮಾತ್ರ ಪ್ರತಿ ಮನೆಯ ಯಜಮಾನರ ಹೆಸರು ಕೂರಿಸುತ್ತಿದ್ದ. "ಒತ್ತು."

ಒತ್ತಿದಳು. ಲ್ಯಾಪ್‌ಟಾಪು 'ಸೇರಿಕೊಂಡಿದೆ' ಎಂದು ಹೇಳಿತು. ವಿಡಿಯೋ ಓಡತೊಡಗಿತು. ಟಿ.ವಿ.ಯಲ್ಲಿ ಏನೂ ಇಲ್ಲ. ನೀಲಿ ಪರದೆ, ಮೂಲೆಯಲ್ಲೊಂದು ಗಡಿಯಾರ.

"ಇದೇ ನೋಡಿ ದಿನಾ," ಎಂದಳು ಅನುಶ್ರೀ. "ಸೇರ್ಕೊಂಡೆ ಅನ್ನುತ್ತೆ. ಇನ್ನೊಂದು ತಮಾಷೆ ಅಂದ್ರೆ, ಸೇರ್ಕೊಂಡ ತಕ್ಷಣ ಇದರ ಸೌಂಡೂ ಹೋಗ್ಬಿಡುತ್ತೆ. ಸೌಂಡು ಟಿ.ವಿ.ಗೆ ಹೋಗ್ಬೇಕು, ಆದ್ರೆ ಅಲ್ಲೂ ಬರಲ್ಲ. ಹಾಗಾದ್ರೆ ಎಲ್ಲಿಗೆ ಹೋಯ್ತು?"

ಒಳ್ಳೆಯ ಪ್ರಶ್ನೆ. ಚೆಲುವರಾಜುವಿನ ತಲೆ ಗಿರ್ರೆಂದಿತು. ಕೊಡುವವನು ಕೊಟ್ಟೆ ಅಂತಾನೆ, ತಗೊಳ್ಳುವವನು ಬಂದಿಲ್ಲ ಅಂತಾನೆ. ನಡುವೆ ತಂತಿ ಇದ್ದಿದ್ದರೆ ಹಿಡಿದು ಜಗ್ಗಿ ಕೇಳಬಹುದಿತ್ತು. ಈಗ ಯಾರನ್ನು ಕೇಳುವುದು? ಟಿ.ವಿ.ಯ ಬೆನ್ನು ತಡವಿದ, ಬೆಚ್ಚಗಿತ್ತು. ಕಿವಿ ಕೊಟ್ಟು ಕೇಳಿದ, ಸದ್ದಿಲ್ಲ. ಬಗ್ಗಿ ಟಿ.ವಿ. ಕೆಳಗೂ ನೋಡಿದ. ಯಾಕೆ ನೋಡಿದೆ ಎಂದು ಅವನಿಗೇ ನಾಚಿಕೆಯಾಯಿತು.

"ಏನಾರ ಕಾಣ್ತಾ?" ಎಂದಳು ಸಣ್ಣತಾಯಮ್ಮ.

"ಇಲ್ಲ ಕಣವ್ವ, ತಡಿ."

ಬಿಚ್ಚಿದ. ಸೇರಿಸಿದ. ಲ್ಯಾಪ್‌ಟಾಪನ್ನು ಟಿ.ವಿ.ಯ ಹತ್ತಿರ ಇಟ್ಟ. ದೂರ ಇಟ್ಟ. ಎರಡನ್ನೂ ಇನ್ನೊಂದು ಸಲ ಆರಿಸಿ, ನೂರರ ತನಕ ಎಣಿಸಿ ಹಾಕಿದ. ಒಮ್ಮೆ ಸೇರಿದ್ದು ತಾನೇ ಬಿಟ್ಟುಕೊಂಡಿತು, ಮರುಗಳಿಗೆ ತಾನೇ ಸೇರಿಕೊಂಡಿತು. ಇಲ್ಲಿ ಯಾರೂ ಏನೂ ಮುಟ್ಟಿರಲಿಲ್ಲ. ಬೆವರು ಕಿತ್ತುಕೊಂಡು ಬಂತು. ಕಾಫಿಯ ಮೇಲೆ ಕೆನೆ ಸುಕ್ಕುಗಟ್ಟಿತು. ಹುಣಸೂರಿನ ಗೊಬ್ಬರದಂಗಡಿ ಕಣ್ಣಿಗೆ ಕಟ್ಟಿತು, ಯೂರಿಯಾ ಮೂಟೆಗಳ ನಡುವೆ ಕುರ್ಚಿ ಹಾಕಿಕೊಂಡು ಕೂತ ತಾನು. ಮೇಜಿನ ಮೇಲಿನ ಸ್ಪ್ಯಾನರೂ ಕಣ್ಣಿಗೆ ಬಂತು.

ಕೊನೆಗೆ ಗೊತ್ತಿದ್ದ ಒಂದೇ ದಾರಿಗೆ ಬಂದ. ಗೊತ್ತಿಲ್ಲದವನು ಗೊತ್ತಿದ್ದದ್ದನ್ನೇ ತಾನೆ ಮಾಡಬೇಕು? ವೈಫೈ ಡಬ್ಬಿಗೆ ಎರಡು ಕೊಂಬು ಇದ್ದವು. ಎಕ್ಸ್‌ಟೆನ್ಷನ್ ತಂತಿ ಎಳೆದು, ಡಬ್ಬಿಯನ್ನು ಬಗಲಲ್ಲಿ ಹಿಡಿದು, ತೊಟ್ಟಿಯ ಅಂಗಳದಲ್ಲಿ ಏಣಿ ಹಾಕಿ ಹೆಂಚಿನ ಮಟ್ಟಕ್ಕೆ ಹತ್ತಿದ.

"ಅಂಕಲ್, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅನ್ಸುತ್ತೆ," ಎಂದಳು ಅನುಶ್ರೀ.

"ಇರ್ಲಿ ಬುಡವ್ವ. ನೀನು ಒತ್ತು. ಗುರು, ನೀನು ಟಿ.ವಿ. ನೋಡ್ಕಂಡು ಏಳು."

ಏಣಿಯ ಮೇಲೆ ಐವತ್ತೈದರ ಗಂಡಸು, ಕೈಯಲ್ಲಿ ಕೊಂಬಿನ ಡಬ್ಬಿ. ಬೀದಿಯವರು ನೋಡಿದ್ದರೆ ನಗುತ್ತಿದ್ದರು. ಆದರೆ ಒಂದು ಕೊಂಬನ್ನು ಹಿಡಿದು ಕೂದಲೆಳೆಯಷ್ಟು ತಿರುಗಿಸಿದಾಗ ಅವನ ಬೆರಳುಗಳಿಗೆ ತಮ್ಮ ಕೆಲಸ ನೆನಪಾಯಿತು. ಗಂಟಲಿಗೂ ನೆನಪಾಯಿತು.

"ಬಂತಾ?"

"ಇಲ್ಲ ಚೆಲುವಣ್ಣ," ಎಂದ ಒಳಗಿನಿಂದ ಗುರುಸ್ವಾಮಿ.

ಇನ್ನೊಂದು ಚೂರು. "ಬಂತಾ?"

"ಇಲ್ಲ!"

ಇನ್ನೊಂದು. ಈ ಸಲ ಎದೆ ತುಂಬಾ ಉಸಿರು ತಗೊಂಡು, ಮೂವತ್ತು ವರ್ಷದ ಹಿಂದಿನ ಗಂಟಲಲ್ಲಿ ಕೂಗಿದ: "ಬಂತಾಽಽ?"

"ಬಂತು!"

ಚೆಲುವರಾಜು ಏಣಿ ಬಿಟ್ಟು ಬೀಳುವುದೊಂದು ಬಾಕಿ. ದಡದಡ ನಾಲ್ಕು ಮೆಟ್ಟಿಲಿಳಿದು ಒಳಗೆ ಇಣುಕಿದರೆ ಟಿ.ವಿ. ನೀಲಿಯಾಗಿಯೇ ಇತ್ತು. ಗುರುಸ್ವಾಮಿ ಟಿ.ವಿ. ನೋಡುತ್ತಿರಲಿಲ್ಲ. ಗೋಡೆ ನೋಡುತ್ತಿದ್ದ.

"ಬಂತು ಅಂದ್ಯಲ್ಲ?"

"ನಾನನ್ನಲಿಲ್ಲ," ಎಂದ ಗುರುಸ್ವಾಮಿ ಮೆಲ್ಲಗೆ.

ಪಾಲಿನ ಗೋಡೆ ತೊಲೆಯ ಮಟ್ಟಕ್ಕೆ ನಿಂತಿತ್ತು, ಮೇಲೆ ಹೆಂಚಿನ ತನಕ ಬಯಲು. ಕೂಗು ಬಂದದ್ದು ಅಲ್ಲಿಂದ. ಆ ದನಿಯನ್ನು ಅವರಿಬ್ಬರೂ ಎಷ್ಟೋ ವರ್ಷ ಹೆಂಚಿನ ಮೇಲಿಂದ ಕೇಳಿದ್ದವರು.

ಚೆಲುವರಾಜುವಿಗೆ ಇನ್ನೂ ತಿಳಿಯಲಿಲ್ಲ, ಸುಳ್ಳು ಯಾಕೆ ಹೇಳಲಿ. ತಲೆ ಕೆರೆದುಕೊಂಡು, ಮೆಟ್ಟು ಮೆಟ್ಟಿ, ಬೀದಿ ಸುತ್ತಿ ಪಕ್ಕದ ಬಾಗಿಲಿಗೆ ಹೋದ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ತಳ್ಳಿದ.

ದೇವಯ್ಯ ಒಬ್ಬನೇ ಟಿ.ವಿ. ಮುಂದೆ ನೆಲದ ಮೇಲೆ ಕೂತಿದ್ದ. ಕೈಯಲ್ಲಿ ರಿಮೋಟು. ಬಾಯಿ ತಪ್ಪಿ ಕೂಗಿಬಿಟ್ಟವನ ಮುಖ ಹೇಗಿರುತ್ತದೋ ಹಾಗಿತ್ತು ಅವನ ಮುಖ. ಟಿ.ವಿ. ತುಂಬಾ ಲಿಂಗಯ್ಯ. ಹೆಗಲ ಮೇಲೆ ವಸ್ತ್ರ, ಕೈಯಲ್ಲಿ ತೆಂಗಿನ ಗರಿ, ಕ್ಯಾಮೆರಾದವನ ಕಡೆ ಕೈ ಬೀಸಿ ಏನೋ ಹೇಳುತ್ತಿದ್ದಾರೆ. ಸದ್ದಿಲ್ಲ. ದೇವಯ್ಯ ಸದ್ದು ಪೂರಾ ಇಳಿಸಿದ್ದ.

"ಯಾವಾಗಿಂದ್ಲಾ ದೇವ?"

"ಒಂದ್ ವಾರ ಆಯ್ತು ಚೆಲುವಣ್ಣ. ದಿನಾ ಮಧ್ಯಾನ್ದೊತ್ನಲ್ಲಿ ನಾನು ಏನಾರ ನೋಡ್ತಾ ಕೂತಿದ್ರೆ ಅದು ಓಗಿ ಅಪ್ಪ ಬತ್ತದೆ. ಎಲ್ಡು ನಿಮ್ಸ ಇದ್ದು ಓಯ್ತದೆ. ಮತ್ತೆ ಮೊದಲಿಂದ ಬತ್ತದೆ. ಮೊದಲ್ನೇ ದಿನ 'ಒಪ್ಪಿಗೆಯಾ' ಅಂತ ಕೇಳ್ತು, ಒಪ್ಪಿಗೆ ಅಂತ ಒತ್ತಿದ್ದೆ."

"ಅಲ್ಲಯ್ಯ, ನನಗೊಂದು ಫೋನ್ ಮಾಡಕ್ಕಿಲ್ವ? ಟಿ.ವಿ. ಕೆಟ್ಟದೆ ಅಂತ?"

"ಮಾಡಿದ್ರೆ ನೀವು ಬಂದು ಸರಿ ಮಾಡ್ಬುಡ್ತಿದ್ರಿ," ಎಂದ ದೇವಯ್ಯ.

ಚೆಲುವರಾಜು ಗೋಡೆಗೆ ಒರಗಿ ಕುಸಿದು ಕೂತ. ಆಗ ನೆನಪಾಯಿತು ನೋಡಿ. ಎರಡು ಟಿ.ವಿ. ಕೂರಿಸಿದ ದಿನ. ಕಿರಿಯವನು "ಅಪ್ಪನ ಹೆಸರು ಆಕಿ" ಎಂದಿದ್ದ, ಹಾಕಿದ್ದ. ಆಮೇಲೆ ಈ ಮನೆಗೆ ಬಂದು 'ದೇವಯ್ಯ' ಎಂದು ಬರೆಯಲು ಹೊರಟರೆ ಇದೇ ದೇವಯ್ಯ ಕೈ ಹಿಡಿದು ಕೇಳಿದ್ದ, "ಆ ಕಡೀಕೆ ಏನಂತ ಆಕಿದ್ರಿ?" ಲಿಂಗಯ್ಯ ಅಂತ. "ಅಂಗಾರೆ ನನಗೂ ಅದೇ ಆಕಿ. ಅಪ್ಪ ಅವನೊಬ್ಬನಿಗೇನಾ?" ಸರಿ, ಜೋಡಿ ಎಂದಮೇಲೆ ಜೋಡಿ. ಇವನೂ ಹಾಕಿದ್ದ. ಆ ಕಡೆಯ ಟಿ.ವಿ.ಯಲ್ಲಿ ಹೊರಗಿನದನ್ನು ತಗೊಳ್ಳುವ ಬಾಗಿಲು ಯಾವಾಗಲೋ ಮುಚ್ಚಿಕೊಂಡಿರಬೇಕು, ಅದಕ್ಕೇ ಅದರ ಹೆಸರು ಕಾಣಿಸುವುದಿಲ್ಲ. ಗಾಳಿಯಲ್ಲಿ ಹೋಗುವ ಕರೆಗೆ ಒಂದೇ ವೈಫೈಯೂ ಬೇಕಿಲ್ಲ, ಗೋಡೆಯೂ ಅಡ್ಡವಿಲ್ಲ; ಹುಡುಗಿ ಲಿಂಗಯ್ಯನನ್ನು ಕರೆದಾಗಲೆಲ್ಲ ಓಗೊಟ್ಟದ್ದು ಈ ಕಡೆಯ ಲಿಂಗಯ್ಯ. ತಾನೇ ನಾಮಕರಣ ಮಾಡಿ ತಾನೇ ಮೂರು ಗಂಟೆ ಹುಡುಕಿದ್ದ. ತನ್ನ ಮೇಲೆ ಎಷ್ಟು ಕೋಪ ಬಂತೆಂದರೆ ನಗುವೇ ಬಂತು.

"ಅಪ್ಪ ಏನೋ ಏಳ್ತದೆ ಅಣ್ಣ," ಎಂದ ದೇವಯ್ಯ, ಟಿ.ವಿ.ಯಿಂದ ಕಣ್ಣು ತೆಗೆಯದೆ. "ವಾರದಿಂದ ಬಾಯ್ನೇ ನೋಡ್ತೀನಿ. ಏನು ಅಂತ ಗೊತ್ತಾಗಾಕಿಲ್ಲ."

"ಸದ್ದು ಏರ್ಸಕ್ಕೇನು?"

"ಆ ಕಡೀಕೆ ಕೇಳ್ಬುಡ್ತದೆ. ಕೇಳಿದ್ರೆ ನಿಲ್ಲಿಸ್ಬುಡ್ತಾರೆ."

ಅಷ್ಟರಲ್ಲಿ ಬಾಗಿಲು ಕಿರುಗುಟ್ಟಿತು. ಸಣ್ಣತಾಯಮ್ಮ ನಿಂತಿದ್ದಳು. ಬೀದಿ ಸುತ್ತಿ, ಗೋಡೆ ಹಿಡಿದು ಹಿಡಿದು, ಒಬ್ಬಳೇ ಬಂದಿದ್ದಳು. ಹೊಸ್ತಿಲ ಆಚೆಯೇ ನಿಂತು ಮಬ್ಬುಗಣ್ಣಿನಿಂದ ಟಿ.ವಿ. ಕಡೆ ನೋಡಿದಳು.

"ಇಲ್ಲಿ ಬಂದದಂತಲ್ಲಪ್ಪ," ಎಂದಳು. "ನಾನು ಒಳೀಕ್ ಬರ್ಲಾ?"

ದೇವಯ್ಯ ಎದ್ದ. ನಾಲ್ಕು ವರ್ಷ ಕರೆಯದವನು ಈಗ ಯಾವ ಬಾಯಲ್ಲಿ ಕರೆದಾನು? ಹೋಗಿ ಅವಳ ರಟ್ಟೆ ಹಿಡಿದು ಒಳಗೆ ತಂದು ಟಿ.ವಿ.ಯ ಎದುರಿಗೇ ಕೂರಿಸಿದ. ಆಮೇಲೆ ರಿಮೋಟು ಎತ್ತಿ ಸದ್ದು ಏರಿಸಿದ. ಏರಿಸಿದ ಅಂದರೆ ಪೂರಾ ಏರಿಸಿದ.

ಓಲಗ ಒಮ್ಮೆಲೇ ಮನೆಯೆಲ್ಲ ತುಂಬಿತು. ವಿಡಿಯೋ ಆಗಲೇ ಮುಂದೆ ಹೋಗಿತ್ತು, ಹೆಂಗಸರು ಆರತಿ ತಟ್ಟೆ ಹಿಡಿದು ಓಡಾಡುತ್ತಿದ್ದರು.

"ಎಲ್ಲಿ ನಿಮ್ಮಪ್ಪ?" ಎಂದಳು ಸಣ್ಣತಾಯಮ್ಮ.

ಚೆಲುವರಾಜು ಗೋಡೆಯ ಕಡೆ ತಲೆಯೆತ್ತಿ ಕೂಗಿದ. "ಅನುಶ್ರೀ, ಮೊದಲಿಂದ ಆಕವ್ವ!"

ಗೋಡೆಯಾಚೆ ಹುಡುಗಿ ಏನೋ ಒತ್ತಿದ್ದು, ಏನೋ ಹೇಳಿದ್ದು ಕೇಳಿಸಿತು. ಆಮೇಲೆ ಅವಳ ದನಿ ಸ್ಪಷ್ಟವಾಯಿತು. "ಅಪ್ಪಾ, ಸಿಕ್ತು! ನಮ್ ಟಿ.ವಿ.ಲಿ ಸ್ಕ್ರೀನ್ ಶೇರ್ ಆಫ್ ಆಗಿದೆ ಅಷ್ಟೇ. ಆನ್ ಮಾಡಿದ್ರೆ ನಮ್ಮಲ್ಲೇ ಬರುತ್ತೆ. ಮಾಡ್ಲಾ?"

ದೇವಯ್ಯ ರಿಮೋಟು ಹಿಡಿದ ಕೈಯನ್ನು ಹಾಗೇ ತೊಡೆಯ ಮೇಲಿಟ್ಟುಕೊಂಡ. ಕಲಿತ ವಿದ್ಯೆಯ ಪ್ರಕಾರ ಚೆಲುವರಾಜು ಈಗ ಎದ್ದು ಓಡಿಹೋಗಿ 'ಮಾಡು' ಅನ್ನಬೇಕು. ಕರೆದ ಮನೆ ಅದು, ಅಲ್ಲಿ ಬರಬೇಕು. ಬೋರ್ಡು ಉಳಿಯುವುದು ಅಲ್ಲಿ ಬಂದರೆ. ಎರಡು ನಿಮಿಷದ ಕೆಲಸ. ಅವನು ಏಳಲಿಲ್ಲ.

"ಇವತ್ತು ಅದ ಮುಟ್ಬೇಡ ಕಣವ್ವ," ಎಂದಿತು ಗುರುಸ್ವಾಮಿಯ ದನಿ. "ಅಂಗೇ ಇರ್ಲಿ. ಮೊದಲಿಂದ ಹಾಕು."

ಚಪ್ಪರ ಬಂತು. ಲಿಂಗಯ್ಯ ಬಂದರು. ತೆಂಗಿನ ಗರಿ ಬೀಸಿ ಕ್ಯಾಮೆರಾದವ‌ನನ್ನು ಗದರಿದರು. ಇಪ್ಪತ್ತೆರಡು ವರ್ಷದ ಹಿಂದಿನ ಒರಟು ದನಿ ಎರಡೂ ಮನೆಗೆ ಕೇಳಿತು. "ನನ್ನನ್ಯಾಕ್ಲಾ ಇಡಿತೀಯ? ಓಗ್ಲಾ ಆ ಕಡೀಕೆ. ನಮ್ ದೊಡ್ಡೋನು ಬೆಳಗಿಂದ ತೊಟ್ಟು ನೀರು ಕುಡೀದೆ ಚಪ್ಪರ ಕಟ್ತಾವ್ನೆ, ಅವನ ಇಡಿ ಓಗು. ತಮ್ಮನ ಮದುವೆ ಅಂತ ಸಾಯ್ತಾವ್ನೆ ಅವನು."

ಕ್ಯಾಮೆರಾ ತಿರುಗಿತು. ಚಪ್ಪರದ ಗಳದ ಮೇಲೆ ಬನಿಯನ್ ಹಾಕಿಕೊಂಡ ಹುಡುಗ ದೇವಯ್ಯ, ಬಾಯಲ್ಲಿ ಹುರಿ ಕಚ್ಚಿಕೊಂಡು ನಗುತ್ತಿದ್ದ.

ನೆಲದ ಮೇಲೆ ಕೂತ ದೇವಯ್ಯ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಸಣ್ಣತಾಯಮ್ಮ ಟಿ.ವಿ.ಯಿಂದ ಕಣ್ಣು ತೆಗೆಯದೆ ಕೈ ಚಾಚಿ ಅವನ ತಲೆ ಹುಡುಕಿ ಅದರ ಮೇಲಿಟ್ಟಳು. "ಇನ್ನೂ ಚೆನ್ನಾಗೇ ಅವರೆ," ಎಂದಳು. ಯಾರನ್ನು ಅಂದಳೋ ಚೆಲುವರಾಜುವಿಗೆ ತಿಳಿಯಲಿಲ್ಲ. ಅವನಿಗೂ ಕಣ್ಣು ಮಂಜಾಗಿತ್ತು.

ಆಗ ಗೋಡೆಯಾಚೆಯಿಂದ, ದನಿ ಮಾತ್ರ ಕೇಳಿ ಟಿ.ವಿ.ಯಲ್ಲಿ ಚಿತ್ರ ಕಾಣದ ಗುರುಸ್ವಾಮಿ ಕೂಗಿದ.

"ಬಂತಾ?"

ದೇವಯ್ಯ ಮುಖ ಒರೆಸಿಕೊಂಡ.

"ಬಂತು ಕಣ್ಲಾ," ಎಂದ. "ಚೆನ್ನಾಗಿ ಬತ್ತಾ ಅದೆ. ಅಂಗೇ ಬುಡು, ಅಲ್ಲಾಡಿಸ್ಬೇಡ."

ಸಂಜೆ ಚೆಲುವರಾಜು ಅಂಗಡಿಗೆ ಬಂದಾಗ ಸುಕನ್ಯ ಕಸ ಹೊಡೆಯುತ್ತಿದ್ದಳು. ಗಂಡನ ಮುಖ ನೋಡಿದಳು. ಗೆದ್ದ ಮುಖವೋ ಸೋತ ಮುಖವೋ ಅವಳಿಗೆ ಗೊತ್ತಾಗಲಿಲ್ಲ. ಅವನಿಗೂ ಗೊತ್ತಿರಲಿಲ್ಲ. ಬೋರ್ಡಿನ ಕಡೆ ಒಮ್ಮೆ, ಮೇಜಿನ ಮೇಲಿನ ಸ್ಪ್ಯಾನರಿನ ಕಡೆ ಒಮ್ಮೆ ನೋಡಿ ಕುರ್ಚಿಯಲ್ಲಿ ಕೂತ.

"ಕರೆದ ಮನೇಲಿ ಟಿ.ವಿ. ಬರ್ಲಿಲ್ಲ ಕಣೆ," ಎಂದ. "ಸರಿ ಮಾಡಾದು ಗೊತ್ತಾಯ್ತು. ಆದ್ರೂ ಮಾಡ್ಲಿಲ್ಲ. ಮಾಡ್ದೇನೇ ಬಂದ್ಬುಟ್ಟೆ."

ಸುಕನ್ಯ ಪೊರಕೆ ಗೋಡೆಗೆ ಒರಗಿಸಿದಳು. ಬೇರೆ ಏನು ಕೇಳುವುದೆಂದು ತೋಚದೆ ದಿನಾ ಕೇಳುವುದನ್ನೇ ಕೇಳಿದಳು.

"ಕಾಫಿ ಕುಡುದ್ರಾ?"

"ಕುಡ್ದೆ."

"ಯಾರ ಮನೇಲಿ?"

"ಎಲ್ಡೂ ಮನೇಲಿ," ಎಂದ ಚೆಲುವರಾಜು.

ಸುಕನ್ಯ ಮೇಜಿನ ಮೇಲಿದ್ದ ಸ್ಪ್ಯಾನರನ್ನು ಎತ್ತಿಕೊಂಡು ಹೋಗಿ ಒಳಗಿನ ಡಬ್ಬಿಗೆ ಹಾಕಿದಳು.